ಎರಡು ಸಲ ಬಂದ ಗಂಟೆ

ಮೊದಲು ಊರು ಕೇಳುತ್ತದೆ. ಜೀಲಾಂಗ್ ಎಂದು ಹೊಡೆದೆ.
ಪಟ್ಟಿಯಲ್ಲಿ ಜಗಳೂರಿದೆ, ಜಮಖಂಡಿ ಇದೆ,
ಜಮಖಂಡಿಯಾದ ಮೇಲೆ ನೇರ ಜೇವರ್ಗಿ.
ಸರಿ, ಅಕ್ಷಾಂಶ ನಾನೇ ಕೊಡುತ್ತೇನೆ: ಮೂವತ್ತೆಂಟು.
ದಕ್ಷಿಣ ಅನ್ನುವುದನ್ನು ಮರೆತೆ.
ಯಂತ್ರ, ಪಾಪ, ಎದುರಾಡದೆ
ನನ್ನ ಮಗಳನ್ನು ಜಪಾನಿನಾಚೆ
ನಡುಗಡಲಲ್ಲಿ ಹೆರಿಸಿತು.

ತಿದ್ದಿದೆ. ಮಗು ಕೋರಿಯೋ ಕೊಲ್ಲಿಯ ದಡಕ್ಕೆ ಬಂತು,
ಆಸ್ಪತ್ರೆಯ ಮೂರನೇ ಮಹಡಿಗೆ,
ಮಾರ್ಚಿನ ಕೊನೆಯ ಭಾನುವಾರಕ್ಕೆ.
ಹೊತ್ತು: ಎರಡು ಐವತ್ತೆಂಟು, ಬೆಳಗಿನ ಜಾವ.
ಸೂಲಗಿತ್ತಿ ಕೂಲಾ ಬರೆದುಕೊಟ್ಟ ಚೀಟಿ
ಇನ್ನೂ ಇದೆ, ಅವಳ ಮೊದಲ ಕಾಲುಚೀಲದೊಳಗೆ.

ಜಾತಕ ಕೇಳಿದವರು ಅಡಿಲೇಡಿನವರು,
ನಮಗಿಂತ ಅರ್ಧ ಗಂಟೆ ಹಿಂದಿರುವವರು.
ಹುಡುಗ ಹುಡುಗಿ ಒಪ್ಪಿ ವರ್ಷವಾಯಿತು,
ಒಂದು ನಾಯಿಯನ್ನೂ ಸಾಕಿಕೊಂಡಿದ್ದಾರೆ.
ಆದರೂ ಅವನ ಸೋದರತ್ತೆ ಫೋನಿನಲ್ಲಿ
‘ಕುಜ ಒಂದು ನೋಡಿಬಿಡಿ’ ಅಂದರು,
ಹೊರಡುವ ಮೊದಲು ಗ್ಯಾಸ್ ಆರಿಸಿದ್ದೀರಾ
ನೋಡಿಬಿಡಿ ಅನ್ನುವ ಹಾಗೆ.

ಆಮೇಲೆ ಆ ಪುಟ್ಟ ಚೌಕ.
ಬೇಸಗೆ ಸಮಯವಾದರೆ ಗುರುತು ಹಾಕಿ.
ಹಾಕಿದೆ. ಮಕರ ಲಗ್ನ. ಮೀನದ ಮೂಲೆಯಲ್ಲಿ ಕುಜ,
ಎಣಿಸಿದರೆ ಮೂರನೇ ಮನೆ. ದೋಷವಿಲ್ಲ. ಹಸಿರು ಅಕ್ಷರ.
ತೆಗೆದೆ. ಕುಜ ಕೂತಲ್ಲೇ ಕೂತಿದ್ದಾನೆ,
ರವಿಗೆ ಶನಿಗೆ ಭುಜ ತಾಗಿಸಿ, ಬಸ್ಸು ಕಾಯುವವರ ಹಾಗೆ.
ಕದಲಿದ್ದು ಬರೀ ‘ಲ’ ಅನ್ನುವ ಅಕ್ಷರ,
ಮಕರದಿಂದ ಕುಂಭಕ್ಕೆ ಒಂದೇ ಮೆಟ್ಟಿಲು ಹತ್ತಿತು.
ಒಂದು. ಎರಡು. ಎರಡನೇ ಮನೆಯಲ್ಲಿ ಕುಜ.
ಕೆಂಪು.

ಗಡಿಯಾರ ಹಿಂದಕ್ಕೆ ಹೋಗುವ ರಾತ್ರಿ ಅದು,
ಮೂರು ಹೊಡೆಯಬೇಕಾದಾಗ ಮತ್ತೆ ಎರಡಾಗುವ ರಾತ್ರಿ.
ಎರಡು ಐವತ್ತೆಂಟು ಎರಡು ಸಲ ಬಂತು.
ಯಾವುದೆಂದು ಚೀಟಿಯಲ್ಲಿಲ್ಲ.

ಯಾರಿಗೆ ಗೊತ್ತು?
ನನಗೆ ಗೊತ್ತು.
ಕೂಲಾ ಸ್ಟೂಲು ಹತ್ತಿ ಮುಳ್ಳು ತಿರುಗಿಸಿದಳು,
‘ಈ ಗಂಟೆಗೆ ಯಾರೂ ಸಂಬಳ ಕೊಡುವುದಿಲ್ಲ’ ಎಂದು ನಕ್ಕಳು.
ನಾನು ಮಂಚದ ಕಂಬಿ ಹಿಡಿದು ನೋಡುತ್ತಿದ್ದೆ.
ಹಲ್ಲು ಕಚ್ಚಿ ಆಗಷ್ಟೇ ದಾಟಿಸಿದ್ದ ಗಂಟೆ
ಮತ್ತೆ ಬಾಗಿಲಲ್ಲಿ ನಿಂತಿತ್ತು,
ಕೊಡೆ ಮರೆತು ವಾಪಸು ಬಂದ ನೆಂಟನ ಹಾಗೆ.
ಒಂದೇ ಗಂಟೆಯನ್ನು ಎರಡು ಸಲ ನೊಂದೆ.
ಎರಡನೆಯದರ ತುದಿಯಲ್ಲಿ ಅವಳು ಅತ್ತಳು.

‘ಒಂದು ಗುರುತು ತಾನೆ, ಹಾಕಿಬಿಡು’
ಇವರು ಟೀ ಲೋಟ ಹಿಡಿದು ಬೆನ್ನ ಹಿಂದೆ.
ಸುಳ್ಳೂ ಅಲ್ಲ ಅದು. ಚೀಟಿಗೆ ಎರಡೂ ಒಪ್ಪುತ್ತದೆ.

ಆದರೆ ಎರಡನೇ ಮನೆ ಮಾತಿನ ಮನೆ.
ಆರನೇ ವಯಸ್ಸಿಗೆ ಪುರೋಹಿತರನ್ನು
ನಿಮ್ಮ ದೇವರಿಗೆ ಇಂಗ್ಲಿಷ್ ಬರುತ್ತಾ ಎಂದು ಕೇಳಿದವಳು,
ಈಗ ಬಂದರಿನಲ್ಲಿ ಗೋಧಿ ಹಡಗಿಗೆ ಕ್ರೇನು ನಡೆಸುತ್ತಾ
ಆಳೆತ್ತರದ ಗಂಡಸರನ್ನು ಗದರಿಸುವವಳು,
ನಾಲಗೆಯ ಮೇಲೆ ಅಂಗಾರಕ ಕೂರದೆ
ಇದೆಲ್ಲ ಎಲ್ಲಿಂದ ಬಂದೀತು?

ಫೋನು ಮಾಡಿದೆ. ಹಿಂದೆ ಗಾಳಿ, ಸರಪಳಿಯ ಸದ್ದು.
‘ನಿಜವಾಗಿ ಯಾವಾಗ ಹುಟ್ಟಿದ್ದು ನಾನು?’
‘ಎರಡನೆಯದರಲ್ಲಿ, ತಾರಿಣಿ.’
‘ಹಾಗಿದ್ದರೆ ಹಾಗೇ ಕಳಿಸು.
ಮೊದಲೇ ಗೊತ್ತಾಗಲಿ ಅವರಿಗೆ.’

ಗುರುತು ಹಾಕಿದರೆ ಕುಜ ಹೋಗುತ್ತಾನೆ ನಿಜ,
ಅವನ ಕೈ ಹಿಡಿದು ಆ ಗಂಟೆಯೂ ಹೋಗುತ್ತದೆ.
ಆಸ್ಪತ್ರೆಯ ಲೆಕ್ಕದಲ್ಲಿ ಅದಿಲ್ಲ,
ಕೂಲಾಳ ಸಂಬಳದಲ್ಲಿಲ್ಲ,
ಇವರು ಹೊರಗೆ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದರು.
ನನ್ನ ಬಿಟ್ಟರೆ ಎಚ್ಚರವಿದ್ದವನು ಅವನೊಬ್ಬ.

ಚೌಕ ಖಾಲಿ ಬಿಟ್ಟು ‘ಮುದ್ರಿಸು’ ಒತ್ತಿದೆ.
ಕೆಂಪು ಶಾಯಿ ತೀರಿತ್ತೋ ಏನೋ,
ಕುಜದೋಷ ಅನ್ನುವ ಪದ
ಅರಿಸಿನದ ಬಣ್ಣದಲ್ಲಿ ಬಂತು.
ಓದಬೇಕಾದರೆ ಕಿಟಕಿಗೆ ಹಿಡಿಯಬೇಕು.